ಮೊದಲು ಕೈ ಮುಗಿಯುವವರು

ಆ ಶನಿವಾರ ಏನೇನು ಎಡವಟ್ಟಾಗಬಹುದಿತ್ತು ಎಂಬುದು ನನಗೆ ಇಂದಿಗೂ ಬಾಯಿಪಾಠ. ನನ್ನ ಗಂಡ, ನೈರೋಬಿಯಲ್ಲಿ ಕಂಡವರಿಗೆಲ್ಲ ಮಾಡುವಂತೆ, ಎಂಬತ್ತರ ಹತ್ತಿರದ ಹೆಂಗಸಿನ ಕೈ ಹಿಡಿದು ಭುಜ ಕಳಚಿ ಬರುವ ಹಾಗೆ ಕುಲುಕಬಹುದಿತ್ತು. ಮಗಳು ಸೋಫಾದಲ್ಲಿ ಒರಗಿ, ಕಾಲು ಟೀಪಾಯಿಯ ಮೇಲೆ ಚಾಚಿ, ಅತಿಥಿಗೆ ತನ್ನ ಎರಡೂ ಅಂಗಾಲುಗಳ ದರ್ಶನ ಮಾಡಿಸಬಹುದಿತ್ತು. ನಾನು ಕೂತವರ ತಲೆಯ ಮೇಲಿಂದ ಸಾರಿನ ಪಾತ್ರೆ ದಾಟಿಸಬಹುದಿತ್ತು. ಅಥವಾ ಪ್ರೀತಿ ಉಕ್ಕಿ ಯಾರದಾದರೂ ತಲೆ ಸವರಬಹುದಿತ್ತು. ಅತಿಥಿಯ ನಾಡಿನಲ್ಲಿ ತಲೆ ಮುಟ್ಟುವುದು, ಅಂಗಾಲು ತೋರಿಸುವುದು ಅವಮಾನವಂತೆ. ಕರೆಂಟ್ ಹೋಗಬಹುದಿತ್ತು, ಹೋದರೆ ಮಿಕ್ಸಿ ತಿರುಗದೆ ಗಸಗಸೆ ನುಣ್ಣಗಾಗದೆ ಪಾಯಸ ತರಿತರಿಯಾಗಬಹುದಿತ್ತು. ಕಾಂಪೌಂಡಿನ ಕೋತಿಗಳು ಅಡುಗೆಮನೆಗೆ ನುಗ್ಗಿ ಬಾಳೆಹಣ್ಣು ಹೊತ್ತೊಯ್ಯಬಹುದಿತ್ತು. ಇದನ್ನು ಚಿಂತೆ ಎನ್ನುವಂತಿಲ್ಲ, ಅನುಭವ; ನಮ್ಮ ಬಡಾವಣೆ ಲಂಗಾಟಾದ ಕೋತಿಗಳನ್ನು ಬಲ್ಲವರು ಒಪ್ಪುತ್ತಾರೆ. ನಮ್ಮ ಷೂ ಸ್ಟ್ಯಾಂಡಿನ ಮೇಲೆ ಐದು ವರ್ಷದಿಂದ ತಪಸ್ಸಿಗೆ ಕೂತಿದ್ದ ಮರದ ಬುದ್ಧ ಆ ಅತಿಥಿಯ ಕಣ್ಣಿಗೆ ಬೀಳಬಹುದಿತ್ತು.

ಎಲ್ಲಕ್ಕಿಂತ ದೊಡ್ಡದಾಗಿ, ನಾನು ಕೈ ಮುಗಿಯಬಾರದವರಿಗೆ ಮೊದಲು ಮುಗಿದು, ಮುಗಿಯಬೇಕಾದವರಿಗೆ ತಡವಾಗಿ ಮುಗಿದು, ಆ ಊರಿನಲ್ಲಿ ನನಗಿದ್ದ ಒಬ್ಬಳೇ ಗೆಳತಿಯನ್ನು ಥಾಯ್ಲೆಂಡಿಗೆ ವಾಪಸ್ ಕಳಿಸಿಕೊಡಬಹುದಿತ್ತು.

ಗೆಳತಿ ಎಂದರೆ ಪಕ್ಕದ ಮನೆಯವಳು. ವೆಸ್ಟ್‌ಲ್ಯಾಂಡ್ಸಿನ ಒಂದು ಕಚೇರಿಯಲ್ಲಿ ಬೆಳಕಿನ ಕಿಟಕಿಯ ಪಕ್ಕ ಕೂತು, ಕೀನ್ಯಾದ ಮಣ್ಣಿನಲ್ಲಿ ಸಿಗುವ ಹಸಿರು, ಕೆಂಪು ಹರಳುಗಳನ್ನು ಕಣ್ಣಿಗೆ ಮಸೂರ ಕಚ್ಚಿಕೊಂಡು ನೋಡಿ, ಇದು ಒಳ್ಳೆಯದು, ಇದು ಬಿರುಕು ಬಿಟ್ಟದ್ದು ಎಂದು ಬೇರ್ಪಡಿಸುವುದು ಅವಳ ಕೆಲಸ. ಅವಳ ಊರಿನಲ್ಲಿ ಮನೆಮನೆಯವರೂ ಹರಳು ನೋಡುವವರೇ ಅಂತೆ. ಆ ಮನೆಗೆ ಬಂದ ದಿನ ಬೇಲಿಯಾಚೆಯಿಂದ ನಕ್ಕು, ಕೈ ಮುಗಿದು, ಅವಳು ಕೇಳಿದ ಮೊದಲ ಪ್ರಶ್ನೆ: "ನಿಮಗೆ ಎಷ್ಟು ವರ್ಷ?"

ನಾನು ಉರಿದುಕೊಂಡೆ. ಉರಿದುಕೊಂಡರೂ ಉತ್ತರ ಹೇಳಿದೆ, ಎರಡು ವರ್ಷ ಕಡಿಮೆ ಮಾಡಿ. ಅವಳು ಮನಸ್ಸಿನಲ್ಲೇ ಕಳೆದು, ಸಮಾಧಾನದ ಉಸಿರುಬಿಟ್ಟು, "ಹಾಗಾದರೆ ನೀವು ಪೀ, ನಾನು ನೋಂಗ್" ಎಂದಳು. ನೀವು ಅಕ್ಕ, ನಾನು ತಂಗಿ. ಸುಳ್ಳು ಹೇಳಿಯೂ ಅಕ್ಕನೇ ಆದೆ. ವಯಸ್ಸು ಗೊತ್ತಾಗದೆ ಅವರ ಭಾಷೆಯಲ್ಲಿ ಮಾತೇ ಹೊರಡುವುದಿಲ್ಲವಂತೆ; ಯಾರು ಅಕ್ಕ, ಯಾರು ತಂಗಿ ತೀರ್ಮಾನವಾಗಬೇಕು. ಮೈಸೂರಿನಲ್ಲಿ ನಮ್ಮ ಬೀದಿಗೆ ಹೊಸ ಬಾಡಿಗೆಯವರು ಬಂದರೆ ಕಾಫಿ ಆರುವ ಮೊದಲೇ ಗೋತ್ರದವರೆಗೆ ವಿಚಾರಿಸುತ್ತಿದ್ದ ನನ್ನ ಅಮ್ಮನ ಮಗಳು ನಾನು. ದೂರುವ ಹಕ್ಕು ನನಗಿರಲಿಲ್ಲ. ಕರಾವಳಿಯ ಕಡೆಯವರು ತಮ್ಮಲ್ಲಿ ಹೇಸಿಗೆಯ ಅರ್ಥವಿರುವ ಈ 'ಪೀ' ಎಂಬ ಪದ ಕೇಳಿ ಮುಸಿಮುಸಿ ನಗುತ್ತಾರೆ. ನಗಲಿ.

ನೈರೋಬಿಯಲ್ಲಿ ಕನ್ನಡದವರು ಇರಲಿಲ್ಲವೆಂದಲ್ಲ. ಬೆಂಗಳೂರಿನಿಂದ ಕಂಪನಿಗಳು ಕಳಿಸಿದ ಸಂಸಾರಗಳು ಬೇಕಾದಷ್ಟಿದ್ದವು, ಹಬ್ಬಕ್ಕೆ ಹೋಳಿಗೆಯೂ ಆಗುತ್ತಿತ್ತು. ಆದರೆ ಅಲ್ಲಿ ನಾನು 'ಔಷಧಿ ಫ್ಯಾಕ್ಟರಿ ಮ್ಯಾನೇಜರ್ ಹೆಂಡತಿ'. ಊರಿನ ಉಳಿದವರೊಂದಿಗೆ 'ಸವಾ?', 'ಸವಾ ಸವಾ.' ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ. ಚೆನ್ನಾಗಿಲ್ಲ ಎಂದು ಹೇಳಿಕೊಳ್ಳಲು ಇದ್ದವಳು ಈ ನೋಂಗ್ ಒಬ್ಬಳೇ. ನಮ್ಮಿಬ್ಬರ ಇಂಗ್ಲಿಷೂ ಒಂದೇ ಮಟ್ಟದ್ದಾಗಿದ್ದರಿಂದ ಸಂಕೋಚವಿರಲಿಲ್ಲ.

ಅವಳ ಕೆಲಸದ ಒಪ್ಪಂದ ಮುಗಿಯುತ್ತ ಬಂದಿತ್ತು. ಮುಂದುವರಿಸುತ್ತೇವೆ ಎಂದು ಕಂಪನಿ ಹೇಳಿತ್ತು, ಅವಳಿಗೂ ಇರುವ ಆಸೆ. ಬೇಡವೆಂದವರು ಅವಳ ತಾಯಿ. ನಿವೃತ್ತ ಹೆಡ್‌ಮಿಸ್ಟ್ರೆಸ್. ಮಗಳು ಲಗ್ನವಾಗದೆ, ಆಫ್ರಿಕಾದಲ್ಲಿ ಒಂಟಿಯಾಗಿದ್ದಾಳೆ ಎಂಬುದಷ್ಟೇ ಅವರ ತಕರಾರಾಗಿದ್ದರೆ ಏನಾದರೂ ಹೇಳಬಹುದಿತ್ತು. ಅವರು ಫೋನಿನಲ್ಲಿ ಕೇಳಿದ್ದು ಬೇರೆ: "ಅಲ್ಲಿ ನೀನು ಮೊದಲು ಕೈ ಮುಗಿಯುವಂಥವರು ಯಾರಿದ್ದಾರೆ?"

"ಹಾಗಂದರೇನು?" ಎಂದು ನಾನು ಕೇಳಿದೆ.

"ನಮ್ಮಲ್ಲಿ ಚಿಕ್ಕವರು ಮೊದಲು ವಾಯ್ ಮಾಡ್ತಾರೆ, ಪೀ. ಕೈ ಮುಗಿಯೋದು. ಅದನ್ನ ತಗೊಂಡವರು ಚಿಕ್ಕವರನ್ನ ನೋಡಿಕೊಳ್ಳಬೇಕು. ಇಲ್ಲಿ ಎಲ್ಲರೂ ಕೈ ಕುಲುಕ್ತಾರೆ, ಎಲ್ಲರೂ ಸಮ, ಹಾಗಾದರೆ ನಿನಗೆ ಹೊಣೆ ಯಾರು ಅಂತ ಅಮ್ಮನ ಪ್ರಶ್ನೆ."

"ನೀನೇನಂದೆ?"

"ಪಕ್ಕದ ಮನೆಯಲ್ಲಿ ಪೀ ಇದ್ದಾರೆ ಅಂದೆ. ಅಮ್ಮ ಬಂದು ನೋಡ್ತಾಳಂತೆ."

ನೋಡಲು ಬರುತ್ತಾರೆ. ನನ್ನನ್ನು. ಹೆಣ್ಣು ನೋಡಲು ಬಂದಾಗಲೂ ನಾನು ಇಷ್ಟು ಹೆದರಿರಲಿಲ್ಲ.

ತಾಲೀಮು ನಮ್ಮ ವೆರಾಂಡದಲ್ಲೇ ಶುರುವಾಯಿತು. ಸರೀಕರಿಗಾದರೆ ಬೆರಳತುದಿ ಗಲ್ಲದ ಹತ್ತಿರ, ಹಿರಿಯರಿಗೆ ಮೂಗಿನ ಹತ್ತಿರ, ಭಿಕ್ಷುಗಳಿಗೆ ಹುಬ್ಬಿನ ನಡುವೆ. ಚಿಕ್ಕವರು ಮುಗಿದರೆ ದೊಡ್ಡವರು ಎದೆಯ ಮಟ್ಟದಲ್ಲಿ ಹಾಗೊಮ್ಮೆ ಸೇರಿಸಿದರೆ ಸಾಕು, ಆದರೆ ಆಮೇಲೆ. ಇದರಲ್ಲಿ ನನಗೆ ಕಷ್ಟವೇನಿದೆ ಎಂದುಕೊಂಡಿದ್ದೆ. ಹುಟ್ಟಿದಾಗಿನಿಂದ ದೇವರಿಗೆ, ಮೇಷ್ಟರಿಗೆ, ಕೈ ತೋರಿಸಿದರೆ ನಿಲ್ಲಿಸಿದ ಬಸ್ಸಿನ ಡ್ರೈವರಿಗೆ ಕೈ ಮುಗಿದುಕೊಂಡೇ ಬಂದವರಲ್ಲವೇ ನಾವು?

ಕಷ್ಟವಿದ್ದದ್ದು ಅಲ್ಲೇ. ನಮ್ಮಲ್ಲಿ ಮೊದಲು ಯಾರು ನೋಡಿದರೋ ಅವರು ಮುಗಿಯುತ್ತಾರೆ. ಹಿಂದೆ ಬಿದ್ದವರದು ಅಹಂಕಾರ. ಚಿಂತೆಯ ಸ್ವಭಾವದವಳಾದ ನಾನಂತೂ ಎಲ್ಲಿ ತಪ್ಪು ತಿಳಿದುಕೊಳ್ಳುತ್ತಾರೋ ಎಂದು ಎದುರಿನವರ ಕೈ ಮೇಲೇಳುವ ಮೊದಲೇ ಮುಗಿದು, ನಡು ಬಗ್ಗಿಸಿ, 'ಚೆನ್ನಾಗಿದೀರಾ' ಅಂದುಬಿಟ್ಟಿರುತ್ತೇನೆ. ಗೆಳತಿ ಬಾಗಿಲಿನಿಂದ ಬಂದಂತೆ ನಟಿಸುವಳು, ನಾನು ಮುಗಿದುಬಿಡುವೆ. ಮತ್ತೆ ಹೊರಗೆ ಹೋಗಿ ಬರುವಳು, ಮತ್ತೆ ನಾನೇ ಮೊದಲು.

"ಪೀ, ತಡಕೊಳ್ಳಿ! ದೊಡ್ಡವರು ಮೊದಲು ಮುಗಿದರೆ ಚಿಕ್ಕವರ ಆಯಸ್ಸು ಕಡಿಮೆ ಆಗತ್ತೆ ಅಂತಾರೆ ನಮ್ಮಲ್ಲಿ."

"ಅಯ್ಯೋ, ದಿನಾ ಬೆಳಿಗ್ಗೆ ಗೇಟಿನ ಹತ್ತಿರ ನಾನೇ ಮೊದಲು ಮುಗೀತಿದ್ದೆನಲ್ಲೇ! ಇಷ್ಟು ದಿನದಲ್ಲಿ ನಿನ್ನ ಆಯಸ್ಸು ಎಷ್ಟು ತಿಂದು ಹಾಕಿದೀನೋ!"

ಅವಳು ನಕ್ಕಳು. "ಅದಕ್ಕೆಲ್ಲ ಯೋಚನೆ ಬೇಡ. ವಿದೇಶದವರದು ಲೆಕ್ಕಕ್ಕಿಲ್ಲ."

ಸಮಾಧಾನಕ್ಕೆಂದು ಹೇಳಿದ ಮಾತು. ನನಗೆ ಮಾತ್ರ ಆ ಮಾತು ಒಂದು ವಾರ ಚುಚ್ಚಿತು. ಲೆಕ್ಕಕ್ಕೇ ಇಲ್ಲದವಳು ಅಕ್ಕ ಹೇಗಾದೇನು? ಅದರ ಮೇಲೆ ಹೊರಡುವಾಗ ಅವಳು ಇನ್ನೊಂದು ಎಚ್ಚರಿಕೆ ಕೊಟ್ಟಳು: "ಎಲ್ಲಾ ತಪ್ಪಿದರೂ ಪರವಾಗಿಲ್ಲ ಪೀ, ಊಟಕ್ಕೆ ಕೂತಾಗ ಯಾರೂ ಧ್ವನಿ ಏರಿಸೋದು ಬೇಡ. ನಾಲ್ಕು ಜನರ ಮುಂದೆ ಸಿಟ್ಟು ತೋರಿಸೋದು ಅಮ್ಮನಿಗೆ ಆಗಲ್ಲ."

ಮನೆಯಲ್ಲಿ ನನ್ನ ತಾಲೀಮಿಗೆ ಸಿಕ್ಕ ಬೆಂಬಲ ಅಷ್ಟಕ್ಕಷ್ಟೇ.

"ನಾನು ಕೈ ಜೇಬಲ್ಲೇ ಇಟ್ಕೊಂಡಿರ್ತೀನಿ ಬಿಡೇ, ರಗಳೆನೇ ಬೇಡ," ಎಂದರು ಇವರು.

"ಅದೂ ಮರ್ಯಾದೆ ಅಲ್ಲ ರೀ!"

"ಹಾಗಾದ್ರೆ ಕೈಯನ್ನ ಫ್ಯಾಕ್ಟರಿಲೇ ಬಿಟ್ಟು ಬರ್ಲಾ?"

ಮಗಳು ಫೋನಿನಿಂದ ತಲೆಯೆತ್ತದೆ, "ಅಮ್ಮಾ, ಚಿಲ್. ಶೀ ಈಸ್ ಎ ಗ್ರ್ಯಾಂಡ್‌ಮಾ, ನಾಟ್ ಎ ಬಾಂಬ್," ಎಂದಳು. ಅವಳ ಕಾಲು ಆಗಲೂ ಟೀಪಾಯಿಯ ಮೇಲೇ ಇತ್ತು.

"ಪುಟ್ಟಿ, ಕಾಲು!"

"ಶೀ ಈಸ್‌ಂಟ್ ಹಿಯರ್ ಯೆಟ್!"

ಬುದ್ಧನ ವಿಷಯ ಹೊಳೆದದ್ದು ಶನಿವಾರ ಬೆಳಿಗ್ಗೆಯೇ. ಚಪ್ಪಲಿಯ ಮೇಲೆ ಬುದ್ಧ! ಎತ್ತಿಕೊಂಡು ಮನೆಯೆಲ್ಲ ತಿರುಗಿದೆ. ಫ್ರಿಜ್ಜಿನ ಮೇಲೆ ಚೆನ್ನಾಗಿರಲಿಲ್ಲ. ಬಚ್ಚಿಡುವುದು ಇನ್ನೂ ಕೆಟ್ಟದ್ದೆನಿಸಿತು. ಕೊನೆಗೆ ದೇವರ ಗೂಡಿಗೇ ತಂದೆ. ಅಲ್ಲಿ ಮೊದಲೇ ಜನಸಂದಣಿ. ಗಣಪತಿಯನ್ನು ಸ್ವಲ್ಪ ಸರಿಸಿ, ಲಕ್ಷ್ಮಿಯನ್ನು ಸ್ವಲ್ಪ ಒತ್ತಿ, ಇಲ್ಲಿನ ಮಟಾಟು ವ್ಯಾನಿನಲ್ಲಿ ಕೊನೆಯ ಪ್ರಯಾಣಿಕನನ್ನು ತೂರಿಸುವ ಹಾಗೆ ಜಾಗ ಮಾಡಿ ಕೂರಿಸಿದೆ. ಧೂಳು ಒರೆಸುವಾಗ, ಐದು ವರ್ಷ ನಮ್ಮ ಷೂ ಕಾದಿದ್ದಕ್ಕೆ ಅವನಿಗೂ ಒಂದು ಕೈ ಮುಗಿದೆ. ಹುಬ್ಬಿನ ನಡುವೆ.

ಬೆಳಿಗ್ಗೆಯಷ್ಟೇ ವಿಮಾನ ಇಳಿದ ತಾಯಿಯನ್ನು ಗೆಳತಿ ಕರೆದುಕೊಂಡು ಬಂದಳು. ಕಾಂಪೌಂಡಿನ ಗೇಟಿನಲ್ಲಿ ಕಾವಲಿನವನು 'ಶಿಕಾಮೂ' ಎಂದು ಹಿರಿಯರಿಗೆ ಹೇಳುವ ನಮಸ್ಕಾರ ಹೇಳಿ, ಎಡಗೈಯನ್ನು ಬಲ ಮೊಣಕೈಗೆ ಆನಿಸಿ ಕೈ ಚಾಚಿದ್ದು ಕಿಟಕಿಯಿಂದ ಕಂಡಿತು. ಆ ತಾಯಿ ಒಂದು ಗಳಿಗೆ ಆ ಎಡಗೈಯನ್ನೇ ನೋಡಿ, ಮೆಚ್ಚಿದವರಂತೆ ತಲೆಯಾಡಿಸಿ, ಬೆರಳತುದಿ ಕೊಟ್ಟರು. ತುಂಬಾ ಚಿಕ್ಕ ಆಕಾರ. ಇಸ್ತ್ರಿ ಮಾಡಿದ ಬಿಳಿ ರವಿಕೆ, ಕೆಳಗೆ ಸುತ್ತಿಕೊಂಡ ನೇರಳೆ ರೇಷ್ಮೆಯ ಅಂಚು ನಮ್ಮ ಸೀರೆಗಳದ್ದೇ. ನಡಿಗೆ ಮಾತ್ರ ಇನ್ನೂ ಶಾಲೆಯ ಕಾರಿಡಾರಿನಲ್ಲಿ ನಡೆಯುವವರದ್ದು.

ಬಾಗಿಲಲ್ಲಿ ನಾನು ಮುಗಿದೆ. ಮೊದಲು, ಮೂಗಿನ ಮಟ್ಟಕ್ಕೆ, ಎಷ್ಟು ಭಕ್ತಿಯಿಂದ ಎಂದರೆ ಹೆಬ್ಬೆರಳು ತಾಗಿ ಕನ್ನಡಕ ಹಣೆಗೇರಿತು. ಅವರು ಎದೆಯ ಹತ್ತಿರ ಕೈ ಸೇರಿಸಿದರು. ಆಮೇಲೆ ಗೆಳತಿ ತಾಯಿಯ ಎದುರಿನಲ್ಲಿ ನನಗೆ ಮುಗಿದಳು, ದಿನಕ್ಕಿಂತ ಕೆಳಗೆ ಬಗ್ಗಿ. ನನ್ನ ಕೈ ತಾನಾಗಿಯೇ ಏಳುತ್ತಿತ್ತು. ಹಲ್ಲು ಕಚ್ಚಿ ತಡೆದೆ. ಅವಳ ತಲೆ ಪೂರ್ತಿ ಬಗ್ಗಿದ ಮೇಲೆ ನಿಧಾನವಾಗಿ ಸೇರಿಸಿದೆ. ದಾಟಿತು.

ಇವರು ಕೈ ಜೇಬಿನಿಂದ ತೆಗೆದು ಚೆನ್ನಾಗಿಯೇ ಮುಗಿದರು, ಆದರೆ ಮಂಗಳಾರತಿ ಕಾಯುವವರ ಹಾಗೆ ಕಣ್ಣು ಮುಚ್ಚಿಕೊಂಡು. ಮಗಳು ನನ್ನನ್ನು ಬೆಚ್ಚಿಬೀಳಿಸಿದಳು. ಮೂಗಿಗೆ ಬೆರಳು ತಾಗುವಷ್ಟು ಮಾತ್ರ ಬಗ್ಗಿ, ಅವರ ಭಾಷೆಯಲ್ಲೇ ಏನೋ ಹೇಳಿ, ಆಮೇಲೆ ಕಾಲು ಒಂದು ಪಕ್ಕಕ್ಕೆ ಮಡಚಿಕೊಂಡು ಕೂತಳು. ನನಗೆ ಗೊತ್ತಿಲ್ಲದೆ ಕೋಣೆಯಲ್ಲಿ ವಿಡಿಯೋ ನೋಡಿ ಕಲಿತಿದ್ದಳು. ಆ ತಾಯಿ ದೇವರ ಗೂಡಿನ ಮುಂದೆ ನಿಂತು, ಇಕ್ಕಟ್ಟಿನಲ್ಲಿ ಕೂತ ಬುದ್ಧನಿಗೆ ಮುಗಿದು, ಪಕ್ಕದ ಗಣಪತಿಗೂ ಮುಗಿದರು. ಅವನು ಅವರ ಊರಿನಲ್ಲೂ ಇದ್ದಾನಂತೆ.

ಊಟಕ್ಕೆ ಕೂತೆವು. ಮಾವಿನಕಾಯಿ ಚಿತ್ರಾನ್ನ, ತಿಳಿಸಾರು, ಹುರುಳಿಕಾಯಿ ಪಲ್ಯ, ಗಸಗಸೆ ಪಾಯಸ. ಅವರಿಗೆಂದು ಚಮಚ, ಫೋರ್ಕು. ನಾನು ಪಾತ್ರೆ ಹಿಡಿದು ಎಲ್ಲರ ಬೆನ್ನ ಹಿಂದಿನಿಂದ, ತಲೆಗೆ ಸಾಕಷ್ಟು ದೂರದಲ್ಲಿ, ಕಳ್ಳಿಯ ಹಾಗೆ ಸುತ್ತುತ್ತಿದ್ದೆ. ಆ ತಾಯಿ ಒಂದೊಂದು ಚಮಚ ತಿಂದು ನನ್ನನ್ನು ನೋಡುವರು, ಮತ್ತೆ ಮಗಳನ್ನು ನೋಡುವರು. ಹರಳು ನೋಡುವ ಊರಿನವರು. ಬಿರುಕೆಲ್ಲಿದೆ ಎಂದು ಹುಡುಕುತ್ತಿದ್ದಾರೆ ಎನಿಸಿತು.

ಆಗ ಗೆಳತಿಯ ತಟ್ಟೆ ಕಣ್ಣಿಗೆ ಬಿತ್ತು. ಬಡಿಸಿದ ಅನ್ನ ಬಡಿಸಿದಂತೆಯೇ ಇತ್ತು.

"ಏನೇ ಇದು? ಹಾಗೇ ಇದೆ?" ನನ್ನ ಬಾಯಿಂದ ಕನ್ನಡವೇ ಬಂತು, ಆಮೇಲೆ ಇಂಗ್ಲಿಷ್ ಹಿಂಬಾಲಿಸಿತು. "ನಿನ್ನೇನೂ ಸರಿಯಾಗಿ ಊಟ ಮಾಡಿಲ್ಲ ನೀನು, ನನಗೇನು ಗೊತ್ತಾಗಲ್ವಾ? ಬರೀ ಚಹಾ ಕುಡಿದು ದೀಪ ಆರಿಸಿ ಮಲಗಿದ್ದೀಯ. ಮೊನ್ನೆ ನೋಡಿದರೆ ಕತ್ತಲಾದ ಮೇಲೆ ಮಟಾಟುನಲ್ಲಿ ಬರ್ತೀಯ, ಬ್ಯಾಗಲ್ಲಿ ಹರಳು ಇಟ್ಕೊಂಡು! ಟ್ಯಾಕ್ಸಿ ಕರೆಯೋಕೆ ಏನು ಬಂದಿತ್ತು ರೋಗ? ಏನಾದರೂ ಆಗಿದ್ದರೆ ನಾನು ಯಾರಿಗೆ ಉತ್ತರ ಹೇಳಲಿ? ಹಾಕ್ಕೋ ಇನ್ನಷ್ಟು!" ಹೇಳುತ್ತ ಹೇಳುತ್ತ ಅವಳ ಕೈ ಮೇಲೆ ಒಂದು ಏಟು ಹಾಕಿ, ತಟ್ಟೆಗೆ ಇನ್ನೊಂದು ಸೌಟು ಚಿತ್ರಾನ್ನ ಸುರಿದಿದ್ದೆ.

ಇವರು ಕೆಮ್ಮಿದರು. ನನ್ನ ಧ್ವನಿ ಇನ್ನೂ ಗೋಡೆಗಳಿಗೆ ಬಡಿಯುತ್ತಿದ್ದಂತೆ ನನಗೇ ಕೇಳಿಸಿತು. ಊಟಕ್ಕೆ ಕೂತಾಗ, ನಾಲ್ಕು ಜನರ ಮುಂದೆ, ಸಿಟ್ಟು. ಮುಗಿಯಿತು ಎಂದುಕೊಂಡೆ. ಕೈ ಎಷ್ಟು ಎತ್ತರಕ್ಕೆ ಮುಗಿದರೇನು ಬಂತು!

ತಾಯಿ ಮಗಳನ್ನು ಏನೋ ಕೇಳಿದರು. ಗೆಳತಿ ತಲೆ ತಗ್ಗಿಸಿ ಅನುವಾದ ಮಾಡಿದಳು. ಅವರು ಕೈಯೆತ್ತಿ ತಡೆದು ಏನನ್ನೋ ಮತ್ತೆ ಕೇಳಿದರು. ಅವಳ ಉತ್ತರದಲ್ಲಿ 'ಮಟಾಟು' ಎಂಬ ಒಂದು ಪದ ಮಾತ್ರ ನನಗೆ ತಿಳಿಯಿತು. ಅವರು ಚಮಚ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಅಮ್ಮ ಕೇಳ್ತಾಳೆ," ಎಂದಳು ಗೆಳತಿ, ಮುಖ ಕೆಂಪಗೆ ಮಾಡಿಕೊಂಡು, "ಇವಳು ಇನ್ನೂ ಏನೇನು ಮಾಡ್ತಾಳೆ ಅಂತ."

ನಾನು ಇವರ ಮುಖ ನೋಡಿದೆ. "ಹೇಳ್ಬಿಡೇ," ಎಂದರು ಇವರು. "ಕೇಳ್ದೇ ಇದ್ರೂ ಹೇಳೋಳು, ಕೇಳಿದಾರೆ ಬೇರೆ."

ಹೇಳಿದೆ. ಜ್ವರ ಬಂದರೂ ಕೆಲಸಕ್ಕೆ ಹೋಗುವುದು, ಬಾಗಿಲ ಬೀಗ ಮರೆಯುವುದು, ಜುಲೈ ಚಳಿಯಲ್ಲಿ ಸ್ವೆಟರಿಲ್ಲದೆ ತಿರುಗುವುದು, ಕೋತಿಗಳಿಗೆ ಬ್ರೆಡ್ ಹಾಕಿ ನಮ್ಮ ಕಾಂಪೌಂಡಿಗೆಲ್ಲ ಅಭ್ಯಾಸ ಮಾಡಿಸಿದ್ದು. ತಾಯಿಯೂ ಸುಮ್ಮನಿರಲಿಲ್ಲ. ಆರನೇ ಕ್ಲಾಸಿನಲ್ಲೇ ಹೀಗೆ, ಕೊಡೆ ಕೊಟ್ಟರೆ ಶಾಲೆಯಲ್ಲಿ ಬಿಟ್ಟು ನೆನೆದುಕೊಂಡು ಬರುತ್ತಿದ್ದಳು ಎಂದರು. ಎರಡೂ ಕಡೆಯ ದೂರನ್ನೂ ತಾನೇ ಅನುವಾದ ಮಾಡುವ ಶಿಕ್ಷೆ ಅವಳದು. ಎಲ್ಲೋ ಒಂದು ಕಡೆ ಹಾರಿಸಲು ನೋಡಿದಳು. ತಾಯಿ ಟೇಬಲ್ಲಿನ ಮೇಲೆ ಬೆರಳು ಕುಟ್ಟಿದರು, ಹಿಂದೆ ಹೋಗಿ ಪೂರ್ತಿ ಹೇಳಿದಳು.

"ದಿಸ್ ಈಸ್ ದ ಬೆಸ್ಟ್ ಲಂಚ್ ಎವರ್," ಎಂದಳು ನನ್ನ ಮಗಳು.

ಆ ತಾಯಿ ನನಗಿಂತ ದೊಡ್ಡ ಚಿಂತೆಗಾರ್ತಿ ಎಂದು ಆ ಊಟದಲ್ಲಿ ಗೊತ್ತಾಯಿತು. ಮಗಳು ಹತ್ತಿದ ವಿಮಾನಗಳೆಲ್ಲ ಇಳಿಯುವವರೆಗೂ ಅವರು ಕುರ್ಚಿಯಿಂದ ಏಳುವುದಿಲ್ಲವಂತೆ. ನಾನಾದರೋ ಏಳುತ್ತೇನೆ, ಅಡುಗೆಮನೆಗೆ ಹೋಗಿ ಬರುತ್ತೇನೆ. ಮನಸ್ಸು ಹಗುರಾಯಿತು. ಹಾಗೆ ಕೂತು ಬಿಡದೆ ಚಿಂತಿಸಬಲ್ಲ ಒಬ್ಬರು ಪಕ್ಕದಲ್ಲಿದ್ದಾಗ, ನನಗೆ ಅರ್ಧ ದಿನ ರಜೆ ಸಿಕ್ಕಂತಾಗಿತ್ತು.

ಪಾಯಸ ಮುಗಿಸಿ ಅವರು ಒಂದು ಪ್ರಶ್ನೆ ಕೇಳಿದರು. "ಮುಂದಿನ ವರ್ಷವೂ ನೀವು ಇಲ್ಲೇ ಇರ್ತೀರಾ?"

"ಅದು ಕಂಪನಿ ಏನು..." ಎಂದು ಇವರು ಶುರು ಮಾಡಿದರು. ಮೇಜಿನ ಕೆಳಗೆ ನಾನು ಅವರ ಕಾಲು ತುಳಿದೆ. ಕಾಲಿನ ಬಗ್ಗೆ ಕಲಿತದ್ದೆಲ್ಲ ಮೇಜಿನ ಮೇಲಕ್ಕೆ ಮಾತ್ರ ಅನ್ವಯ ಎಂದುಕೊಂಡು.

"ಇರ್ತೀವಿ," ಎಂದೆ.

ತಾಯಿ ತಲೆಯಾಡಿಸಿ ಎರಡೇ ಮಾತು ಹೇಳಿದರು. ಗೆಳತಿ ತಟ್ಟೆ ನೋಡುತ್ತ ಅನುವಾದ ಮಾಡಿದಳು. "ಹಾಗಾದರೆ ಇವಳೂ ಇರಲಿ ಅಂತಾಳೆ."

ಅಷ್ಟು ಹೊತ್ತಿಗೆ ಏನೂ ಕೆಟ್ಟಿರಲಿಲ್ಲ. ಕರೆಂಟ್ ಇತ್ತು, ಪಾಯಸ ನುಣ್ಣಗಿತ್ತು. ಬಾಳೆಹಣ್ಣನ್ನು ನಾನು ಬಟ್ಟೆ ಬೀರುವಿನೊಳಗೆ ಬಚ್ಚಿಟ್ಟಿದ್ದರಿಂದ ಕೋತಿಗಳಿಗೂ ಸಿಕ್ಕಿರಲಿಲ್ಲ. ಮೊದಲ ಸಲ ಮನೆಗೆ ಬಂದ ಹಿರಿಯರನ್ನು ಬರಿಗೈಲಿ ಕಳಿಸುವುದುಂಟೇ? ಗುಜರಾತಿಯವರ ಅಂಗಡಿಯಿಂದ ತಂದಿದ್ದ ವೀಳ್ಯದೆಲೆ, ಅಡಿಕೆ, ಆ ಬಾಳೆಹಣ್ಣು, ರವಿಕೆ ಕಣದ ಬದಲಿಗೆ ಇಲ್ಲಿನ ಹೆಂಗಸರು ಉಡುವ ಬಣ್ಣದ ಲೆಸೊ ಬಟ್ಟೆ, ಎಲ್ಲವನ್ನೂ ತಟ್ಟೆಯಲ್ಲಿಟ್ಟು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದೆ. ಅವರು ಚಪ್ಪಲಿ ಮೆಟ್ಟಿ ತಿರುಗಿದರು. ಎಲೆಯನ್ನು ನೋಡಿ ಅವರ ಮುಖ ಅರಳಿತು. ಅವರ ತಾಯಿ ಮೆಲ್ಲುತ್ತಿದ್ದರಂತೆ.

ತಟ್ಟೆ ಕೊಟ್ಟು, ಕೈ ಖಾಲಿಯಾದ ಮೇಲೆ, ಮೂಗಿನ ಮಟ್ಟಕ್ಕೆ ಮುಗಿಯುವುದು. ಮನಸ್ಸಿನಲ್ಲಿ ಹೀಗೆ ಸಾಲಾಗಿ ಜೋಡಿಸಿಕೊಂಡಿದ್ದೆ. ಅವರು ತಟ್ಟೆಗೆ ಕೈ ಚಾಚಲಿಲ್ಲ. ಒಮ್ಮೆ ಮಗಳ ಕಡೆ ನೋಡಿದರು, ಒಮ್ಮೆ ನನ್ನ ಕಡೆ. ಆಮೇಲೆ ಎರಡೂ ಕೈ ಸೇರಿಸಿ, ಎದೆಯ ಹತ್ತಿರ ನಿಲ್ಲಿಸದೆ, ಗಲ್ಲ ದಾಟಿಸಿ, ಬೆರಳತುದಿ ಮೂಗಿಗೆ ತಾಗುವವರೆಗೆ ತಂದು, ಬಿಳಿಗೂದಲಿನ ತಲೆ ಬಗ್ಗಿಸಿದರು. ನನಗೆ.

"ಮೇ!" ಎಂದು ಗೆಳತಿ ಕೂಗಿದಳು. ಅಮ್ಮಾ ಎಂದು.

ನಾನು ಗಾಬರಿಯಲ್ಲಿ ತಟ್ಟೆಯ ಸಮೇತ ಕೈ ಮುಗಿಯಲು ಹೋಗಿ ಬಾಳೆಹಣ್ಣು ಉರುಳಿಸಿದೆ. ತಟ್ಟೆ ಇವರ ಕೈಗೆ ತುರುಕಿ ನಾನು ಮುಗಿಯುವಷ್ಟರಲ್ಲಿ ಅವರು ತಲೆಯೆತ್ತಿ ಆಗಿತ್ತು.

"ನೋಂಗ್," ಎಂದು ಪಿಸುಗುಟ್ಟಿದೆ, "ಮೊದಲು ಮುಗಿದುಬಿಟ್ಟರಲ್ಲೇ! ವಿದೇಶದವರದು ಲೆಕ್ಕಕ್ಕಿಲ್ಲ ಅಂದಿದ್ದೆ ತಾನೇ?"

ಅವಳು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. "ಮುಗಿದವಳು ನಮ್ಮಮ್ಮ ಅಲ್ವಾ, ಪೀ? ಲೆಕ್ಕಕ್ಕಿದೆ."

"ನನ್ನ ಆಯಸ್ಸು ಎಷ್ಟು ಕಡಿಮೆ ಆಗತ್ತೆ?"

"ಅದು ಯಾರಿಗೂ ಗೊತ್ತಿಲ್ಲ."

ಇವರು ಮೆಟ್ಟಿಲ ಮೇಲೆ ಬಗ್ಗಿ ಬಾಳೆಹಣ್ಣು ಆರಿಸುತ್ತಿದ್ದರು. ಬೇಲಿಯ ಮೇಲೆ ಆಗಲೇ ಎರಡು ಕೋತಿ ಬಂದು ಕೂತಿದ್ದವು. ನಾನು ಮಾತ್ರ ಕೈ ಮುಗಿದುಕೊಂಡೇ, ಅವರು ಗೇಟು ದಾಟಿ ಕಾಣದಾಗುವವರೆಗೂ, ಎಷ್ಟು ಹೋಗಿರಬಹುದು ಎಂದು ಅಂದಾಜು ಮಾಡುತ್ತ ನಿಂತಿದ್ದೆ.